ಲೇತ್ ಮುಂದೆ ಮೊದಲ ದಿನ: ಒಂದೊಂದು ಭಾಗವನ್ನೂ ಮುಟ್ಟಿ ತಿಳಿದು, ಒಂದು ಜಾಬ್ ಮಾಡಿ ಮುಗಿಸುವವರೆಗೆ

ನಾನು ಲೇತ್ ಮುಂದೆ ನಿಂತ ಮೊದಲ ದಿನ ಮೇಸ್ತ್ರಿ ಸ್ವಿಚ್ ಹಾಕಲು ಬಿಡಲಿಲ್ಲ. ಪೀಣ್ಯದ ಒಂದು ಸಣ್ಣ ಶೆಡ್ಡು, ಆರು ಅಡಿ ಲೇತ್, ಅಂದರೆ ತಿರುಗುವ ಲೋಹದ ತುಂಡನ್ನು ಟೂಲ್ ಅನ್ನುವ ಉಳಿಯಿಂದ ಕತ್ತರಿಸುವ ಮಷಿನ್. "ಮೇನ್ ಆಫ್ ಮಾಡೋ. ಇವತ್ತು ಪೂರ್ತಿ ಕೈಯಲ್ಲೇ ಆಡಿಸು," ಅಂದರು. ದಿನವಿಡೀ ಹ್ಯಾಂಡ್‌ವೀಲ್ ತಿರುಗಿಸಿದೆ. ಲಿವರ್ ಎತ್ತಿದೆ, ಇಳಿಸಿದೆ. ಸಂಜೆ ಅವರು ಒಂದು ಹಿಡಿ ತೋರಿಸಿ ಕೇಳಿದರು: "ಇದನ್ನ ಒಂದು ಸುತ್ತು ತಿರುಗಿಸಿದ್ರೆ ಟೂಲ್ ಎಷ್ಟು ಮುಂದೆ ಹೋಗುತ್ತೆ?" ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಮೇಸ್ತ್ರಿ," ಅಂದೆ. ಮಾರನೇ ದಿನವೂ ಮೇನ್ ಆಫ್.

ಈಗ ನಾನು ಹೊಸ ಹುಡುಗರಿಗೆ ಹೇಳಿಕೊಡುವುದೂ ಹಾಗೇ. ಭಾಗಗಳ ಹೆಸರು ಒಂದು ಗಂಟೆಯಲ್ಲಿ ಬಾಯಿಪಾಠ ಆಗುತ್ತದೆ. ಆದರೆ ಜಾಬ್ (ಲೇತ್‌ನಲ್ಲಿ ಹಿಡಿದು ಕತ್ತರಿಸುವ ತುಂಡು) ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಬಂದಾಗ ಯಾವ ಭಾಗದ ಕಡೆ ನೋಡಬೇಕು? ಅದು ಹೆಸರು ಕಲಿತರೆ ಬರುವುದಿಲ್ಲ. ಜಾಬ್ ಮೇಲೆ ಬೀಳುವ ಪ್ರತಿ ಗುರುತಿನ ಹಿಂದೆ ಲೇತ್‌ನ ಯಾವುದೋ ಒಂದು ಭಾಗ ಇರುತ್ತದೆ. ಆ ನಂಟು ಕೈಗೆ ಹತ್ತಬೇಕು. ಅದಕ್ಕೇ ಈ ಬರಹವನ್ನು ಎರಡು ಪಾಲು ಮಾಡಿದ್ದೇನೆ. ಮೊದಲು ಮೇನ್ ಆಫ್ ಮಾಡಿ ಮಷಿನ್ ಪೂರ್ತಿ ನೋಡೋಣ. ಆಮೇಲೆ ಅದೇ ಮಷಿನ್‌ನಲ್ಲಿ ಎಂ16 ತ್ರೆಡ್ (16 ಮಿ.ಮೀ. ವ್ಯಾಸದ ಸ್ಕ್ರೂ ಹಲ್ಲು) ಇರುವ ಒಂದು ಪಿನ್ ಮಾಡೋಣ.

ಹಂತ 1: ಮಷಿನ್ ಮುಟ್ಟುವ ಮುಂಚೆ

ಕೈಗವಸು ಬೇಡ. ತುಂಬು ತೋಳಿನ ಅಂಗಿ ಇದ್ದರೆ ಮೊಣಕೈ ಮೇಲಕ್ಕೆ ಮಡಚಿ. ಉಂಗುರ, ಕಡಗ, ಕೊರಳ ಸರ, ಕೈಗೆ ಕಟ್ಟಿದ ದಾರ ಎಲ್ಲ ತೆಗೆದಿಡಿ. ಉದ್ದ ಕೂದಲಿದ್ದರೆ ಕಟ್ಟಿ ಟೋಪಿಯೊಳಗೆ ಸೇರಿಸಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಜಾಬ್ ಹಿಡಿದು ತಿರುಗುವ ಚಕ್‌ಗೆ ಬಟ್ಟೆಯ ಒಂದು ಎಳೆ ಸಿಕ್ಕರೂ ಸಾಕು, ಕೈ ಹಿಂದೆ ಎಳೆಯಲು ಸಮಯ ಸಿಗುವುದಿಲ್ಲ.

ಚಕ್ ಬಿಗಿ ಮಾಡುವ ಚಕ್ ಕೀ ಬಗ್ಗೆ ಬೇರೆಯಾಗಿ ಹೇಳಬೇಕು. ಕಲಿಯುವ ದಿನಗಳಲ್ಲಿ ನಾನು ಒಮ್ಮೆ ಜಾಬ್ ಬಿಗಿ ಮಾಡಿ, ಯಾರೋ ಕರೆದರು ಅಂತ ತಿರುಗಿ ಮಾತಾಡಿ, ಹಾಗೇ ಲಿವರ್ ಎತ್ತಿಬಿಟ್ಟೆ. ಕೀ ಚಕ್‌ನಲ್ಲೇ ಇತ್ತು. ಅದು ನನ್ನ ಕಿವಿಯ ಪಕ್ಕದಿಂದ ಹಾರಿ ಹಿಂದಿನ ತಗಡಿನ ಗೋಡೆಗೆ ಬಡಿಯಿತು. ತಗಡಿನಲ್ಲಿ ಬಿದ್ದ ಆ ತೂತನ್ನು ನಾನು ಅಲ್ಲಿದ್ದಷ್ಟು ದಿನವೂ ನೋಡುತ್ತಿದ್ದೆ. ಅಂದಿನಿಂದ ಒಂದೇ ಅಭ್ಯಾಸ: ಕೀ ಚಕ್‌ನಲ್ಲಿದ್ದರೆ ಕೈ ಕೀ ಮೇಲಿರಬೇಕು. ಕೈ ತೆಗೆಯುವಾಗ ಕೀ ಕೂಡ ಬರಬೇಕು.

ಹಂತ 2: ಬೆಡ್

ಜಾಬ್ ತಿರುಗುತ್ತದೆ, ಟೂಲ್ ಸರಿಯುತ್ತದೆ. ಲೇತ್‌ನ ಕೆಲಸ ಇಷ್ಟೇ. ಇವೆರಡನ್ನೂ ಒಂದೇ ನೇರದಲ್ಲಿ ಇಡುವುದು ಬೆಡ್. ಬೀಡು ಕಬ್ಬಿಣದ ಉದ್ದನೆಯ ಎರಕ ಇದು. ಬೀಡು ಭಾರ, ಜೊತೆಗೆ ಅದರೊಳಗಿನ ಗ್ರಾಫೈಟ್ ನಡುಕವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಇವತ್ತಿಗೂ ಹೆಚ್ಚಿನ ಲೇತ್‌ಗಳ ಬೆಡ್ ಬೀಡಿನದೇ.

ಬೆಡ್ ಮೇಲೆ ಉದ್ದಕ್ಕೂ ಹಳಿಯಂತೆ ಗೈಡ್‌ವೇಗಳು ಇರುತ್ತವೆ. ಕೆಲವು ಚಪ್ಪಟೆ, ಕೆಲವು ತಲೆಕೆಳಗಾದ ವಿ ಆಕಾರ. ಒಂದು ಜೊತೆ ಮೇಲೆ ಟೂಲ್ ಹೊತ್ತ ಕ್ಯಾರಿಯೇಜ್ ಓಡುತ್ತದೆ, ಇನ್ನೊಂದರ ಮೇಲೆ ಬಲಗಡೆಯ ಆಸರೆ ಟೇಲ್‌ಸ್ಟಾಕ್ ಕೂರುತ್ತದೆ. ಬಟ್ಟೆಯಿಂದ ಒರೆಸಿ, ಬೆರಳ ತುದಿಯನ್ನು ಚಕ್ ಕಡೆಯಿಂದ ಕೊನೆಯವರೆಗೂ ನಿಧಾನವಾಗಿ ಎಳೆಯಿರಿ. ಹಳೇ ಮಷಿನ್ ಆದರೆ ಚಕ್ ಹತ್ತಿರ ಸಣ್ಣ ಗೀರುಗಳು, ಕೆಲವೊಮ್ಮೆ ಅಂಚಿನಲ್ಲಿ ಒಂದು ಮೆಟ್ಟಿಲೇ ಬೆರಳಿಗೆ ಸಿಗುತ್ತದೆ. ಕೆಲಸದ ಬಹುಪಾಲು ಅಲ್ಲೇ ನಡೆಯುವುದರಿಂದ ಅಲ್ಲೇ ಸವೆಯುವುದು. ಟೇಲ್‌ಸ್ಟಾಕ್ ಕಡೆ ಬೆಡ್ ಹೊಸದರಂತೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಲೇತ್ ಕೊಳ್ಳುವವರು ಪೇಂಟ್ ನೋಡಬಾರದು, ಇದನ್ನು ನೋಡಬೇಕು. ಕ್ಯಾರಿಯೇಜ್ ಚಕ್ ಹತ್ತಿರ ಸಡಿಲವಾಗಿ ಓಡಿ, ಕೊನೆಗೆ ಹೋದಾಗ ಬಿಗಿಯಾದರೆ ಬೆಡ್ ಸವೆದಿದೆ ಅಂತಲೇ ಲೆಕ್ಕ.

ಬೆಡ್ ಮೇಲೆ ಸುತ್ತಿಗೆ, ಸ್ಪ್ಯಾನರ್, ಫೈಲ್ ಇಡಬೇಡಿ. ಚಕ್ ಬಿಚ್ಚುವಾಗ ಕೆಳಗೆ ಒಂದು ಮರದ ಹಲಗೆ ಇಡಿ. ಚಕ್ ಕೈಜಾರಿ ಬೆಡ್ ಮೇಲೆ ಬಿದ್ದರೆ ಆ ಏಟು ಮುಂದೆ ಪ್ರತಿ ಜಾಬ್‌ನಲ್ಲೂ ಕಾಣುತ್ತದೆ.

ನಮ್ಮ ಕಡೆ ಲೇತ್ ಅಳತೆ ಕೇಳಿದರೆ "ನಾಲ್ಕೂವರೆ ಅಡಿ", "ಆರು ಅಡಿ" ಅನ್ನುತ್ತಾರೆ. ಅದು ಬೆಡ್‌ನ ಉದ್ದ. ಆದರೆ ಕೆಲಸಕ್ಕೆ ಬೇಕಾದ ಅಳತೆಗಳು ಬೇರೆ ಎರಡು. ಒಂದು, ಬೆಡ್‌ನಿಂದ ಸ್ಪಿಂಡಲ್ (ಜಾಬ್ ತಿರುಗಿಸುವ ಶಾಫ್ಟ್) ಮಧ್ಯದವರೆಗಿನ ಸೆಂಟರ್ ಎತ್ತರ. ಇನ್ನೊಂದು, ಎರಡು ಸೆಂಟರ್‌ಗಳ (ಜಾಬ್‌ನ ತುದಿಗೆ ಆನುವ ಚೂಪು ಆಸರೆಗಳ) ನಡುವೆ ಎಷ್ಟು ಉದ್ದದ ಜಾಬ್ ಹಿಡಿಯುತ್ತದೆ ಅನ್ನೋದು. ಎಚ್‌ಎಂಟಿಯ ಎಲ್‌ಬಿ 17, ಎನ್‌ಎಚ್ 22 ಮಾದರಿಗಳ ಹೆಸರಿನಲ್ಲಿರುವ ಅಂಕಿ ಸೆಂಟರ್ ಎತ್ತರವೇ, ಅಂದರೆ 170 ಮತ್ತು 220 ಮಿ.ಮೀ. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡ್‌ನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ಮೊದಲು ಕೈ ಹಾಕಿದ್ದು ಲೇತ್‌ಗೇ, ಗಡಿಯಾರ ಬಂದಿದ್ದು ಆಮೇಲೆ. ಅದಕ್ಕೂ ಮುಂಚೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಾಡುತ್ತಿದ್ದರು. ಈ ಎರಡೂ ಕಡೆಯ ಹಳೇ ಮಷಿನ್‌ಗಳು ಬೆಳಗಾವಿ, ಹುಬ್ಬಳ್ಳಿ, ಪೀಣ್ಯದ ಶೆಡ್ಡುಗಳಲ್ಲಿ ಇನ್ನೂ ದುಡಿಯುತ್ತಿವೆ.

ಹಂತ 3: ಹೆಡ್‌ಸ್ಟಾಕ್ ಮತ್ತು ಸ್ಪಿಂಡಲ್

ನಿಮ್ಮ ಎಡಗೈ ಕಡೆ ಇರುವ ದೊಡ್ಡ ಪೆಟ್ಟಿಗೆ ಹೆಡ್‌ಸ್ಟಾಕ್. ಮೋಟರ್‌ನ ಬಲ ಬೆಲ್ಟ್ ಮೂಲಕ ಇಲ್ಲಿಗೆ ಬರುತ್ತದೆ. ಒಳಗಿನ ಗೇರ್‌ಗಳು ಅದನ್ನು ಬೇಕಾದ ವೇಗಕ್ಕೆ ಇಳಿಸಿ ಸ್ಪಿಂಡಲ್‌ಗೆ ಕೊಡುತ್ತವೆ. ಸ್ಪಿಂಡಲ್ ಅಂದರೆ ಟೊಳ್ಳಾದ ದಪ್ಪ ಶಾಫ್ಟ್. ಟೊಳ್ಳು ಇರುವುದರಿಂದ ಉದ್ದನೆಯ ಸರಳನ್ನು ಹಿಂದಿನಿಂದ ತೂರಿಸಬಹುದು.

ಈಗ ಲಿವರ್‌ಗಳನ್ನು ಒಂದೊಂದಾಗಿ ಆಡಿಸಿ. ಗೇರ್ ಕೂರದಿದ್ದರೆ ಬಲ ಹಾಕಬೇಡಿ. ಇನ್ನೊಂದು ಕೈಯಿಂದ ಚಕ್ ಅನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸಿ, ಹಲ್ಲು ಹಲ್ಲಿಗೆ ಸಿಕ್ಕಿ "ಟಕ್" ಅಂತ ಕೂರುತ್ತದೆ. ಮಷಿನ್ ಓಡುವಾಗ ಯಾವ ಕಾರಣಕ್ಕೂ ಸ್ಪೀಡ್ ಲಿವರ್ ಮುಟ್ಟಬಾರದು. ಹಳೇ ಬೆಲ್ಟ್ ಲೇತ್‌ನಲ್ಲಿ ಬ್ಯಾಕ್ ಗೇರ್ ಅಂತ ಇರುತ್ತದೆ. ಅದನ್ನು ಹಾಕಿದರೆ ವೇಗ ತುಂಬಾ ಇಳಿದು, ತಿರುಗುವ ಬಲ ಏರುತ್ತದೆ. ದಪ್ಪ ಜಾಬ್‌ಗೆ, ತ್ರೆಡ್ ಹಾಕಲು ಅದು ಬೇಕು.

ಹೆಡ್‌ಸ್ಟಾಕ್ ಮುಂದೆ ಒಂದು ಗಾಜಿನ ಕಿಂಡಿ ಇದೆಯಲ್ವಾ, ಅದರಲ್ಲಿ ಆಯಿಲ್ ಮಟ್ಟ ನೋಡಿ. ಇದು ದಿನಾ ಬೆಳಿಗ್ಗೆಯ ಮೊದಲ ಕೆಲಸ.

ಹಂತ 4: ಚಕ್

ಸ್ಪಿಂಡಲ್ ಮೂತಿಗೆ ಕೂರುವ, ಜಾಬ್ ಹಿಡಿಯುವ ಭಾಗ ಇದು. ಮೂರು ಜಾ (ಜಾಬ್ ಕಚ್ಚುವ ದವಡೆ) ಚಕ್‌ನಲ್ಲಿ ಒಂದು ಕಡೆ ಕೀ ತಿರುಗಿಸಿದರೆ ಮೂರೂ ಜಾ ಒಟ್ಟಿಗೆ ಸರಿಯುತ್ತವೆ. ಒಳಗೆ ಸುರುಳಿ ಹಲ್ಲಿನ ಒಂದು ತಟ್ಟೆ ಇದೆ, ಅದರ ಕೆಲಸ. ದುಂಡು ಸರಳು, ಆರು ಮೂಲೆ ಸರಳು ಹಿಡಿಯಲು ಸುಲಭ. ಜಾ ಬಿಚ್ಚಿದರೆ ಅವುಗಳ ಮೇಲೆ 1, 2, 3 ಅಂತ ಕೊರೆದಿರುತ್ತದೆ. ಅದೇ ಕ್ರಮದಲ್ಲಿ ಹಾಕಬೇಕು. ಇಲ್ಲದಿದ್ದರೆ ಮೂರೂ ಮಧ್ಯದಲ್ಲಿ ಸೇರುವುದಿಲ್ಲ.

ಮೂರು ಜಾ ಚಕ್ ಎಷ್ಟೇ ಒಳ್ಳೆಯದಿದ್ದರೂ ಜಾಬ್ ಸ್ವಲ್ಪ ಔಟ್ ಇರುತ್ತದೆ, ಅಂದರೆ ಸರಿಯಾಗಿ ಮಧ್ಯದಲ್ಲಿ ಇರುವುದಿಲ್ಲ. ಒಂದೇ ಹಿಡಿತದಲ್ಲಿ ಎಲ್ಲ ಕೆಲಸ ಮುಗಿಸಿದರೆ ಇದರಿಂದ ತೊಂದರೆ ಇಲ್ಲ. ಬಿಚ್ಚಿ ತಿರುಗಿಸಿ ಹಿಡಿದಾಗ ಮಾತ್ರ ಗೊತ್ತಾಗುತ್ತದೆ.

ನಾಲ್ಕು ಜಾ ಚಕ್‌ನಲ್ಲಿ ಒಂದೊಂದು ಜಾಗೂ ಬೇರೆ ಸ್ಕ್ರೂ. ಚೌಕ, ಅಡ್ಡಾದಿಡ್ಡಿ ಎರಕ, ಯಾವುದನ್ನಾದರೂ ಹಿಡಿಯುತ್ತದೆ. ದುಂಡು ಜಾಬ್ ಅನ್ನೂ ಕರಾರುವಾಕ್ಕಾಗಿ ಮಧ್ಯಕ್ಕೆ ತರಬಹುದು. ಹೊಸಬರು ಇದಕ್ಕೆ ಹೆದರುತ್ತಾರೆ, ಹೆದರಬೇಕಿಲ್ಲ. ಡಯಲ್ ಗೇಜ್‌ನ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಮೊನೆಯನ್ನು ಜಾಬ್‌ಗೆ ತಾಗಿಸಿ. ಎದುರುಬದುರು ಇರುವ ಒಂದು ಜೊತೆ ಜಾ ಮಾತ್ರ ನೋಡಿ. ಒಂದು ಜಾ ಎದುರು ಬಂದಾಗ ಮುಳ್ಳು 0, ಅರ್ಧ ಸುತ್ತು ತಿರುಗಿಸಿದಾಗ 0.40 ಮಿ.ಮೀ. ತೋರಿಸಿತು ಅಂದುಕೊಳ್ಳಿ. ಸರಿಸಬೇಕಾದ್ದು ಅದರ ಅರ್ಧ, 0.20. ಕಡಿಮೆ ತೋರಿಸಿದ ಕಡೆಯ ಜಾ ಸ್ವಲ್ಪ ಸಡಿಲಿಸಿ, ಜಾಸ್ತಿ ತೋರಿಸಿದ ಕಡೆಯದನ್ನು ಬಿಗಿ ಮಾಡಿ. ಈ ಜೊತೆ ಸರಿಯಾದ ಮೇಲೆ ಇನ್ನೊಂದು ಜೊತೆ. ಎರಡು ಮೂರು ಸಲ ಸುತ್ತಿದರೆ ಮುಳ್ಳು ಅಲುಗದೆ ನಿಲ್ಲುತ್ತದೆ. ಒಂದು ವಾರ ಅಭ್ಯಾಸ ಮಾಡಿದರೆ ಐದು ನಿಮಿಷದ ಕೆಲಸ.

ಚಕ್‌ಗೆ ಸಿಗದಂಥ ಜಾಬ್‌ಗೆ ಫೇಸ್ ಪ್ಲೇಟ್ ಇದೆ, ಅದಕ್ಕೆ ಬೋಲ್ಟ್ ಹಾಕಿ ಕಟ್ಟುತ್ತಾರೆ. ತೆಳ್ಳಗೆ ಉದ್ದ ಇರುವ ಜಾಬ್ ಬಾಗದಂತೆ ಬೆಡ್‌ಗೆ ಬಿಗಿಯುವ ಆಸರೆ ಸ್ಟೆಡಿ ರೆಸ್ಟ್. ಕ್ಯಾರಿಯೇಜ್ ಜೊತೆಗೇ ಓಡುವ ಆಸರೆ ಫಾಲೋವರ್ ರೆಸ್ಟ್.

ಹಂತ 5: ಟೇಲ್‌ಸ್ಟಾಕ್

ಬಲಗಡೆ ಇರುವುದು ಟೇಲ್‌ಸ್ಟಾಕ್. ಎರಡು ಕೆಲಸ ಇದರದು. ಉದ್ದ ಜಾಬ್‌ನ ಇನ್ನೊಂದು ತುದಿಗೆ ಸೆಂಟರ್ ಕೊಟ್ಟು ಆಸರೆ ಆಗುವುದು, ಡ್ರಿಲ್ ಅಥವಾ ರೀಮರ್ (ತೂತನ್ನು ಸರಿ ಅಳತೆಗೆ ನುಣುಪು ಮಾಡುವ ಟೂಲ್) ಹಿಡಿದು ಮಧ್ಯದಲ್ಲಿ ತೂತು ಹಾಕುವುದು. ಮುಂದೆ ಬರುವ ಕೊಳವೆಯಂಥ ಭಾಗ ಕ್ವಿಲ್. ಅದರೊಳಗೆ ಮೋರ್ಸ್ ಟೇಪರ್ ಇದೆ, ಅಂದರೆ ಒಳಗೆ ಹೋದಂತೆ ಕಿರಿದಾಗುವ ತೂತು. ಒಣ ಬಟ್ಟೆಯಿಂದ ಆ ತೂತನ್ನೂ ಸೆಂಟರ್‌ನ ಬಾಲವನ್ನೂ ಒರೆಸಿ, ಒಂದೇ ಸಲ ಜೋರಾಗಿ ತಳ್ಳಿ ಕೂರಿಸಿ. ಒಂದು ಸಣ್ಣ ಚಿಪ್ (ಕತ್ತರಿಸಿದ ಲೋಹದ ಚೂರು) ನಡುವೆ ಸಿಕ್ಕರೂ ಸೆಂಟರ್ ಓರೆಯಾಗುತ್ತದೆ. ತೆಗೆಯಲು ಸುತ್ತಿಗೆ ಬೇಡ. ಹ್ಯಾಂಡ್‌ವೀಲ್ ಹಿಂದಕ್ಕೆ ತಿರುಗಿಸುತ್ತಾ ಹೋದರೆ ಒಳಗಿನ ಸ್ಕ್ರೂ ಅದನ್ನು ತಾನೇ ಹೊರಗೆ ನೂಕುತ್ತದೆ.

ತಿರುಗದ ಸೆಂಟರ್ ಹಾಕಿದರೆ ತುದಿಗೆ ಗ್ರೀಸ್ ಬೇಕೇ ಬೇಕು. ಇಲ್ಲದಿದ್ದರೆ ಸುಟ್ಟು ನೀಲಿಯಾಗಿ ತುದಿಯೇ ಹೋಗುತ್ತದೆ. ಬೇರಿಂಗ್ ಇರುವ ರಿವಾಲ್ವಿಂಗ್ ಸೆಂಟರ್‌ಗೆ ಆ ಚಿಂತೆ ಇಲ್ಲ.

ಟೇಲ್‌ಸ್ಟಾಕ್‌ನ ಬುಡದಲ್ಲಿ ಅಕ್ಕಪಕ್ಕ ಒಂದೊಂದು ಸ್ಕ್ರೂ ಇದೆ. ಅವನ್ನು ಆಡಿಸಿದರೆ ಇಡೀ ಮೇಲ್ಭಾಗ ನಿಮ್ಮ ಕಡೆಗೋ ಆ ಕಡೆಗೋ ಸರಿಯುತ್ತದೆ. ಇದು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಂತ 6: ಕ್ಯಾರಿಯೇಜ್

ಟರ್ನರ್‌ನ ಕೈ ದಿನವಿಡೀ ಇರುವುದು ಇದರ ಮೇಲೆ. ಬೆಡ್ ಮೇಲೆ ಕೂತ ಎಚ್ ಆಕಾರದ ಎರಕ ಸ್ಯಾಡಲ್. ಮುಂದೆ ಇಳಿಬಿದ್ದ ಪೆಟ್ಟಿಗೆ ಏಪ್ರನ್, ಅದರಲ್ಲೇ ಫೀಡ್‌ನ (ಟೂಲ್ ತಾನೇ ಸರಿಯುವುದರ) ಗೇರ್‌ಗಳು, ಲಿವರ್‌ಗಳು. ಏಪ್ರನ್‌ನ ದೊಡ್ಡ ಹ್ಯಾಂಡ್‌ವೀಲ್ ತಿರುಗಿಸಿದರೆ ಇಡೀ ಕ್ಯಾರಿಯೇಜ್ ಎಡಕ್ಕೆ, ಬಲಕ್ಕೆ ಓಡುತ್ತದೆ. ಬೆಡ್ ಕೆಳಗೆ ಹಲ್ಲಿನ ಪಟ್ಟಿ ಇದೆ, ಒಂದು ಸಣ್ಣ ಗೇರ್ ಅದರ ಮೇಲೆ ಉರುಳುತ್ತದೆ.

ಸ್ಯಾಡಲ್ ಮೇಲೆ ಅಡ್ಡಲಾಗಿ ಓಡುವುದು ಕ್ರಾಸ್ ಸ್ಲೈಡ್. ಟೂಲ್ ಜಾಬ್ ಒಳಗೆ ಎಷ್ಟು ಹೋಗಬೇಕು ಅನ್ನೋದು ಇದರಿಂದ. ಅದರ ಮೇಲೆ ಕಾಂಪೌಂಡ್ ಸ್ಲೈಡ್, ಬೇಕಾದ ಕೋನಕ್ಕೆ ತಿರುಗಿಸಿ ಬಿಗಿ ಮಾಡಬಹುದು. ಎಲ್ಲಕ್ಕಿಂತ ಮೇಲೆ ಟೂಲ್ ಪೋಸ್ಟ್.

ಮೇಸ್ತ್ರಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಕಂಡುಕೊಳ್ಳಿ. ಕ್ರಾಸ್ ಸ್ಲೈಡ್ ಹಿಡಿಯ ಹಿಂದೆ ಒಂದು ಬಳೆ ಇದೆ, ಅದರ ಮೇಲೆ ಗೆರೆಗಳು. ಗೆರೆ ಎಣಿಸಿ. ನಮ್ಮ ಲೇತ್‌ನಲ್ಲಿ 100 ಗೆರೆ, ಒಂದು ಗೆರೆಗೆ 0.05, ಅಂದರೆ ಒಂದು ಸುತ್ತಿಗೆ 5 ಮಿ.ಮೀ. ನಿಮ್ಮದರಲ್ಲಿ ಬೇರೆ ಇರಬಹುದು. ಇಲ್ಲೇ ಹೊಸಬರು ಎಡವುವುದು: ಟೂಲ್ 0.5 ಮಿ.ಮೀ. ಒಳಗೆ ಹೋದರೆ ಜಾಬ್‌ನ ವ್ಯಾಸ 1 ಮಿ.ಮೀ. ಇಳಿಯುತ್ತದೆ. ಜಾಬ್ ತಿರುಗುತ್ತಿರುವುದರಿಂದ ಎರಡೂ ಕಡೆ ಕಟ್ ಆಗುತ್ತದೆ. ಕೆಲವು ಮಷಿನ್‌ಗಳ ಡಯಲ್ ಟೂಲ್ ಸರಿದ ದೂರ ತೋರಿಸುತ್ತದೆ, ಕೆಲವು ನೇರವಾಗಿ ವ್ಯಾಸವನ್ನೇ ತೋರಿಸುತ್ತವೆ. ಹೊಸ ಮಷಿನ್ ಮುಂದೆ ನಿಂತಾಗ ಒಂದು ಬೇಡವಾದ ತುಂಡಿನ ಮೇಲೆ ಹತ್ತು ಗೆರೆ ಕಟ್ ಕೊಟ್ಟು, ಮೈಕ್ರೋಮೀಟರ್‌ನಿಂದ ಅಳೆದು ಇದನ್ನು ಖಚಿತ ಮಾಡಿಕೊಳ್ಳಿ.

ಇನ್ನೊಂದು ಪರೀಕ್ಷೆ. ಹಿಡಿಯನ್ನು ಮುಂದಕ್ಕೆ ತಿರುಗಿಸಿ ನಿಲ್ಲಿಸಿ. ಈಗ ಹಿಂದಕ್ಕೆ ತಿರುಗಿಸಿ. ಮೊದಲ ಕೆಲವು ಗೆರೆ ಹಿಡಿ ಮಾತ್ರ ತಿರುಗುತ್ತದೆ, ಸ್ಲೈಡ್ ಅಲುಗುವುದಿಲ್ಲ. ಇದು ಬ್ಯಾಕ್‌ಲಾಶ್, ಸ್ಕ್ರೂ ಮತ್ತು ನಟ್ ನಡುವಿನ ಸಡಿಲ. ಪ್ರತಿ ಸ್ಕ್ರೂನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಹಾಗಾಗಿ ಡೆಪ್ತ್ ಕೊಡುವಾಗ ಯಾವಾಗಲೂ ಮುಂದಕ್ಕೆ ತಿರುಗಿಸುತ್ತಲೇ ಗೆರೆಗೆ ತನ್ನಿ. ಎರಡು ಗೆರೆ ಜಾಸ್ತಿ ಹೋಯ್ತು ಅಂತ ಸುಮ್ನೆ ಎರಡು ಗೆರೆ ಹಿಂದೆ ತಿರುಗಿಸಿದರೆ ಟೂಲ್ ಅಲ್ಲೇ ಇರುತ್ತದೆ. ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದಕ್ಕೆ ಬನ್ನಿ.

ಸ್ಲೈಡ್‌ಗಳ ಪಕ್ಕದಲ್ಲಿ ಗಿಬ್ ಅನ್ನುವ ತೆಳು ಪಟ್ಟಿ, ಅದನ್ನು ಒತ್ತುವ ಸಣ್ಣ ಸ್ಕ್ರೂಗಳಿವೆ. ಟೂಲ್ ಪೋಸ್ಟ್ ಹಿಡಿದು ಅಲುಗಾಡಿಸಿ. ಕೈಗೆ ಆಟ ಸಿಕ್ಕರೆ ಗಿಬ್ ಸಡಿಲ ಇದೆ.

ಹಂತ 7: ಲೀಡ್ ಸ್ಕ್ರೂ, ಫೀಡ್ ರಾಡ್, ಗೇರ್‌ಬಾಕ್ಸ್

ಬೆಡ್ ಮುಂದೆ ಉದ್ದಕ್ಕೂ ಎರಡು ಸರಳು ಕಾಣುತ್ತವೆ. ಹಲ್ಲಿರುವುದು ಲೀಡ್ ಸ್ಕ್ರೂ, ಬರೀ ಉದ್ದನೆಯ ತೋಡು ಇರುವ ನುಣುಪು ಸರಳು ಫೀಡ್ ರಾಡ್. ಸಾಮಾನ್ಯ ಟರ್ನಿಂಗ್‌ಗೆ (ವ್ಯಾಸ ಇಳಿಸುವುದು), ಫೇಸಿಂಗ್‌ಗೆ (ತುದಿಯ ಮುಖ ಸಮ ಮಾಡುವುದು) ಫೀಡ್ ರಾಡ್. ತ್ರೆಡ್‌ಗೆ ಮಾತ್ರ ಲೀಡ್ ಸ್ಕ್ರೂ. ದಿನಾ ಟರ್ನಿಂಗ್‌ಗೂ ಅದನ್ನೇ ಬಳಸಿದರೆ ಅದರ ಹಲ್ಲು ಸವೆದು, ಮುಂದೆ ಹಾಕುವ ಪ್ರತಿ ತ್ರೆಡ್‌ನ ಪಿಚ್ (ಹಲ್ಲಿನಿಂದ ಹಲ್ಲಿಗಿರುವ ದೂರ) ಕೆಡುತ್ತದೆ.

ಏಪ್ರನ್‌ನ ಹಾಫ್ ನಟ್ ಲಿವರ್ ಒತ್ತಿದರೆ ಎರಡು ಹೋಳಾದ ಒಂದು ನಟ್ ಲೀಡ್ ಸ್ಕ್ರೂ ಅನ್ನು ಬಾಯಿ ಮುಚ್ಚಿದಂತೆ ಕಚ್ಚಿಕೊಳ್ಳುತ್ತದೆ. ಆಗ ಸ್ಪಿಂಡಲ್ ಮತ್ತು ಟೂಲ್ ಒಂದಕ್ಕೊಂದು ಕಟ್ಟಿಹಾಕಿದಂತೆ. ಸ್ಪಿಂಡಲ್ ಒಂದು ಸುತ್ತು ಬಂದರೆ ಟೂಲ್ ಇಷ್ಟೇ ಸರಿಯಬೇಕು. ಎಷ್ಟು ಅಂತ ತೀರ್ಮಾನಿಸುವುದು ಹೆಡ್‌ಸ್ಟಾಕ್ ಕೆಳಗಿನ ಗೇರ್‌ಬಾಕ್ಸ್ ಮತ್ತು ಪಕ್ಕದ ಬಾಗಿಲೊಳಗಿನ ಚೇಂಜ್ ಗೇರ್‌ಗಳು. 1800ರ ಆಸುಪಾಸಿನಲ್ಲಿ ಲಂಡನ್‌ನ ಹೆನ್ರಿ ಮಾಡ್ಸ್ಲೆ ಲೀಡ್ ಸ್ಕ್ರೂ, ಸ್ಲೈಡ್, ಚೇಂಜ್ ಗೇರ್ ಮೂರನ್ನೂ ಒಂದು ಗಟ್ಟಿ ಮಷಿನ್‌ನಲ್ಲಿ ಕೂಡಿಸಿದ. ಇವತ್ತು ನಾವು ನಿಂತು ಕೆಲಸ ಮಾಡುವ ಲೇತ್‌ನ ಅಡಿಪಾಯ ಅದೇ.

ಲೆಕ್ಕ ಸುಲಭ. ಬೇಕಾದ ಪಿಚ್ ಅನ್ನು ಲೀಡ್ ಸ್ಕ್ರೂ ಪಿಚ್‌ನಿಂದ ಭಾಗಿಸಿ. ಲೀಡ್ ಸ್ಕ್ರೂ 6 ಮಿ.ಮೀ., ಬೇಕಾದ್ದು 2 ಮಿ.ಮೀ. ಆದರೆ 2/6, ಅಂದರೆ 40/120. ಮೇಲಿನ ಸಂಖ್ಯೆ ಓಡಿಸುವ ಗೇರ್, ಕೆಳಗಿನದು ಓಡುವ ಗೇರ್. ಗೇರ್ ಡಬ್ಬಿಯಲ್ಲಿ 127 ಹಲ್ಲಿನ ಒಂದು ದೊಡ್ಡ ಗೇರ್ ಕಂಡರೆ ಜೋಪಾನ ಮಾಡಿ. ಒಂದು ಇಂಚು 25.4 ಮಿ.ಮೀ., ಅದರ ಐದು ಪಟ್ಟು 127. ಇಂಚಿನ ಲೀಡ್ ಸ್ಕ್ರೂ ಇರುವ ಮಷಿನ್‌ನಲ್ಲಿ ಮಿ.ಮೀ. ತ್ರೆಡ್ ಸರಿಯಾಗಿ ಬರಲು ಅದು ಬೇಕು. ಇಂಚಿಗೆ 4 ಹಲ್ಲಿನ ಲೀಡ್ ಸ್ಕ್ರೂನಲ್ಲಿ 2 ಮಿ.ಮೀ. ಪಿಚ್‌ಗೆ 40/127.

ಗೇರ್‌ಬಾಕ್ಸ್ ಇರುವ ಮಷಿನ್‌ನಲ್ಲಿ ಬಾಗಿಲ ಮೇಲಿನ ಚಾರ್ಟ್ ನೋಡಿ ಲಿವರ್ ಹಾಕಿದರೆ ಸಾಕು.

ಹಂತ 8: ಟೂಲ್ ಕಟ್ಟುವುದು

ಟೂಲ್‌ನ ತುದಿ ಜಾಬ್‌ನ ಮಧ್ಯದ ಎತ್ತರಕ್ಕೆ ಸರಿಯಾಗಿ ಇರಬೇಕು. ನೋಡಲು ಒಂದು ಸ್ಟೀಲ್ ಸ್ಕೇಲ್ ಸಾಕು. ಮೇನ್ ಆಫ್ ಇರಲಿ. ಸ್ಕೇಲನ್ನು ನೆಟ್ಟಗೆ ಜಾಬ್‌ಗೆ ತಾಗಿಸಿ, ಕ್ರಾಸ್ ಸ್ಲೈಡ್ ನಿಧಾನ ತಿರುಗಿಸಿ, ಟೂಲ್ ತುದಿಯಿಂದ ಅದನ್ನು ಹಗುರವಾಗಿ ಒತ್ತಿ ಹಿಡಿಯಿರಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಸ್ಕೇಲ್‌ನ ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆ ಕಡೆ ವಾಲಿದರೆ ಮೇಲಿದೆ. ಕೆಳಗಿದ್ದರೆ ಅಡಿಗೆ ತಗಡಿನ ಪ್ಯಾಕಿಂಗ್ ಕೊಡಿ. ಟೂಲ್ ಪೋಸ್ಟ್‌ನಿಂದ ಟೂಲ್ ಹೊರಗೆ ಚಾಚುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಟೂಲ್‌ನ ದಪ್ಪದ ಒಂದೂವರೆ ಪಟ್ಟು ದಾಟಬಾರದು.

ಹಂತ 9: ಈಗ ಮೇನ್ ಆನ್. ಪಿನ್ ಮಾಡೋಣ

40 ಮಿ.ಮೀ. ವ್ಯಾಸದ ಎಂ.ಎಸ್. (ಮೈಲ್ಡ್ ಸ್ಟೀಲ್) ಸರಳು, 150 ಮಿ.ಮೀ. ಉದ್ದ. ಚಕ್‌ನಿಂದ 110 ಮಿ.ಮೀ. ಹೊರಗೆ ಇರಲಿ. 100 ಮಿ.ಮೀ. ಉದ್ದಕ್ಕೆ 36 ವ್ಯಾಸ ಮಾಡಿ, ತುದಿಯ 40 ಮಿ.ಮೀ.ಗೆ ಎಂ16 ತ್ರೆಡ್ ಹಾಕಬೇಕು.

ಮೊದಲು ವೇಗ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ ಎಂ.ಎಸ್.ಗೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಇಟ್ಟುಕೊಳ್ಳಿ. 25ನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದಿಂದ ಭಾಗಿಸಿ. 40 ಮಿ.ಮೀ.ಗೆ ಸುಮಾರು 200 ಆರ್‌ಪಿಎಂ. ಅದೇ 16 ಮಿ.ಮೀ.ಗೆ ಬಂದಾಗ ಸುಮಾರು 500. ಮಷಿನ್‌ನಲ್ಲಿ ಸರಿಯಾಗಿ ಅಷ್ಟೇ ಇಲ್ಲದಿದ್ದರೆ ಹತ್ತಿರದ ಕಡಿಮೆ ವೇಗ ಆರಿಸಿ.

ಫೇಸಿಂಗ್ ಮಾಡಿ. ಕ್ಯಾರಿಯೇಜ್ ಲಾಕ್ ಮಾಡಿ, ಕ್ರಾಸ್ ಸ್ಲೈಡ್‌ನಿಂದ ಟೂಲ್ ಅನ್ನು ಹೊರಗಿನಿಂದ ಮಧ್ಯಕ್ಕೆ ತನ್ನಿ. ಮಧ್ಯದಲ್ಲಿ ಕಾಳಿನಷ್ಟು ಗುಬುಟು ಉಳಿದರೆ ಟೂಲ್ ಎತ್ತರ ತಪ್ಪಿದೆ, ಹಂತ 8ಕ್ಕೆ ವಾಪಸ್ ಹೋಗಿ.

ಟೇಲ್‌ಸ್ಟಾಕ್‌ಗೆ ಡ್ರಿಲ್ ಚಕ್ ಹಾಕಿ ಸೆಂಟರ್ ಡ್ರಿಲ್ ಮಾಡಿ, ಆಮೇಲೆ ರಿವಾಲ್ವಿಂಗ್ ಸೆಂಟರ್ ಕೊಡಿ. ಹೊರಗೆ ಚಾಚಿದ ಉದ್ದ ವ್ಯಾಸದ ಮೂರು ಪಟ್ಟಿಗೆ ಹತ್ತಿರ ಬಂದರೆ ನಾನು ಸೆಂಟರ್ ಇಲ್ಲದೆ ಕಟ್ ಹಾಕುವುದಿಲ್ಲ. ಅದರಲ್ಲೂ ಈ ಜಾಬ್‌ನ ತುದಿ 16ಕ್ಕೆ ತೆಳುವಾಗುತ್ತದೆ.

ಟರ್ನಿಂಗ್. ಟೂಲ್ ಅನ್ನು ತಿರುಗುವ ಜಾಬ್‌ಗೆ ಹಗುರವಾಗಿ ತಾಗಿಸಿ, ಡಯಲ್ ಸೊನ್ನೆ ಮಾಡಿ, ಬಲಕ್ಕೆ ಹೊರಗೆ ಬನ್ನಿ. ರಫ್ ಕಟ್‌ಗೆ ಒಂದು ಸುತ್ತಿಗೆ 0.2 ಮಿ.ಮೀ. ಫೀಡ್, 1 ಮಿ.ಮೀ. ಡೆಪ್ತ್. 36.5ಕ್ಕೆ ಬಂದ ಮೇಲೆ ನಿಲ್ಲಿಸಿ ಅಳೆಯಿರಿ. ಡಯಲ್ ಹೇಳಿದ್ದನ್ನು ನಂಬಬೇಡಿ, ಮೈಕ್ರೋಮೀಟರ್ ಹೇಳಿದ್ದನ್ನು ನಂಬಿ. 36.46 ಬಂತು ಅಂದರೆ ಕೊಡಬೇಕಾದ್ದು 0.23. ಫೀಡ್ 0.1ಕ್ಕೆ ಇಳಿಸಿ ಫಿನಿಶ್ ಕಟ್ ಹಾಕಿ. ಜಾಬ್ ಬಿಸಿ ಇದ್ದರೆ ತಣ್ಣಗಾಗುವವರೆಗೂ ಕಾಯಿರಿ. 36 ಮಿ.ಮೀ. ಸ್ಟೀಲ್ 40 ಡಿಗ್ರಿ ಬಿಸಿಯಾದರೆ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಬಿಸಿಯಲ್ಲಿ ಸರಿ ಇದ್ದ ಅಳತೆ ತಣ್ಣಗಾದ ಮೇಲೆ ಕಡಿಮೆ ಬರುತ್ತದೆ.

ಚಿಪ್ಸ್ ಉದ್ದ ಸುರುಳಿಯಾಗಿ ಬರುತ್ತಿದ್ದರೆ ಕೈ ಹಾಕಲೇಬೇಡಿ, ಅದು ಬ್ಲೇಡ್‌ನಂತೆ. ಮಷಿನ್ ನಿಲ್ಲಿಸಿ, ಕೊಕ್ಕೆಯಿಂದ ತೆಗೆಯಿರಿ.

ತುದಿಯ 40 ಮಿ.ಮೀ.ಯನ್ನು ಇದೇ ರೀತಿ 15.9ಕ್ಕೆ ಇಳಿಸಿ. ತ್ರೆಡ್ ಮುಗಿಯುವ ಜಾಗದಲ್ಲಿ ಒಂದು ಅಂಡರ್‌ಕಟ್ (ಸುತ್ತಲೂ ಸಣ್ಣ ತೋಡು), ತುದಿಯಲ್ಲಿ ಚಾಂಫರ್ (ಓರೆ ಅಂಚು). ಅಂಡರ್‌ಕಟ್ ಇಲ್ಲದಿದ್ದರೆ ತ್ರೆಡಿಂಗ್ ಟೂಲ್ ಹೊರಗೆ ಬರಲು ಜಾಗ ಇರುವುದಿಲ್ಲ.

ಟೇಪರ್ ಬೇಕಿದ್ದ ಜಾಬ್ ಆದರೆ ಕಾಂಪೌಂಡ್ ಸ್ಲೈಡ್ ತಿರುಗಿಸಿ. ದೊಡ್ಡ ವ್ಯಾಸದಿಂದ ಸಣ್ಣದನ್ನು ಕಳೆದು, ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋನದ ಟ್ಯಾನ್ ಸಿಗುತ್ತದೆ. 50 ಮಿ.ಮೀ. ಉದ್ದದಲ್ಲಿ 40ರಿಂದ 30ಕ್ಕೆ ಇಳಿಯಬೇಕಾದರೆ 0.1, ಅಂದರೆ 5 ಡಿಗ್ರಿ 43 ನಿಮಿಷ.

ಹಂತ 10: ತ್ರೆಡ್

ಎಂ16ರ ಪಿಚ್ 2 ಮಿ.ಮೀ. ಟೂಲ್ 60 ಡಿಗ್ರಿ. ಟೂಲ್ ಗೇಜ್ ಅನ್ನು ಜಾಬ್‌ಗೆ ತಾಗಿಸಿ, ಟೂಲ್ ತುದಿ ಅದರ ಕಚ್ಚಿನಲ್ಲಿ ಎರಡೂ ಕಡೆ ಬೆಳಕು ಕಾಣದಂತೆ ಕೂರುವಂತೆ ಬಿಗಿ ಮಾಡಿ. ಕಾಂಪೌಂಡ್ ಸ್ಲೈಡ್ ಅನ್ನು ಕ್ರಾಸ್ ಸ್ಲೈಡ್ ದಿಕ್ಕಿನಿಂದ 29 ಡಿಗ್ರಿ ತಿರುಗಿಸಿ. ಡೆಪ್ತ್ ಅನ್ನು ಕಾಂಪೌಂಡ್‌ನಿಂದ ಕೊಟ್ಟರೆ ಟೂಲ್‌ನ ಒಂದೇ ಪಕ್ಕ ಕಟ್ ಆಗುತ್ತದೆ, ಹಲ್ಲು ಹರಿಯುವುದಿಲ್ಲ. ಸ್ಪಿಂಡಲ್ 50-60 ಆರ್‌ಪಿಎಂ ಇರಲಿ.

ಮೊದಲ ಕಟ್ ಬರೀ ಗೀರು. ಟೂಲ್ ತಾಗಿಸಿ ಎರಡೂ ಡಯಲ್ ಸೊನ್ನೆ ಮಾಡಿ, ಹಾಫ್ ನಟ್ ಹಾಕಿ. ಅಂಡರ್‌ಕಟ್‌ಗೆ ಬಂದ ಕೂಡಲೇ ಹಾಫ್ ನಟ್ ಬಿಡಿ, ಕ್ರಾಸ್ ಸ್ಲೈಡ್ ಹಿಂದೆಳೆಯಿರಿ. ಮಷಿನ್ ನಿಲ್ಲಿಸಿ ಸ್ಕೇಲ್ ಇಟ್ಟು ಎಣಿಸಿ. ಹತ್ತು ಪಿಚ್‌ಗೆ 20 ಮಿ.ಮೀ. ಬರಬೇಕು. ಬರದಿದ್ದರೆ ಗೇರ್ ತಪ್ಪಾಗಿದೆ, ಜಾಬ್ ಇನ್ನೂ ಉಳಿದಿದೆ.

ಸರಿ ಇದ್ದರೆ ಕ್ಯಾರಿಯೇಜ್ ಬಲಕ್ಕೆ ತಂದು, ಕ್ರಾಸ್ ಸ್ಲೈಡ್ ಮತ್ತೆ ಸೊನ್ನೆಗೆ, ಕಾಂಪೌಂಡ್‌ನಿಂದ 0.2 ಡೆಪ್ತ್. ಕೊನೆಕೊನೆಗೆ 0.05. 2 ಮಿ.ಮೀ. ಪಿಚ್‌ಗೆ ತ್ರೆಡ್ ಆಳ ಸುಮಾರು 1.23, ಕಾಂಪೌಂಡ್ ಓರೆ ಇರುವುದರಿಂದ ಅದರ ಡಯಲ್‌ನಲ್ಲಿ ಒಟ್ಟು ಸುಮಾರು 1.4 ಆಗುತ್ತದೆ. ಪ್ರತಿ ಕಟ್‌ಗೂ ಆಯಿಲ್ ಹಚ್ಚಿ. ಹತ್ತಿರ ಬಂದಾಗ ಸೆಂಟರ್ ಹಿಂದೆ ಸರಿಸಿ ನಟ್ ಹಾಕಿ ನೋಡಿ.

ಹಾಫ್ ನಟ್ ಯಾವಾಗ ಬೇಕಾದರೂ ಹಾಕಬಹುದಾ? 6 ಮಿ.ಮೀ. ಲೀಡ್ ಸ್ಕ್ರೂನಲ್ಲಿ 2 ಮಿ.ಮೀ. ಪಿಚ್‌ಗೆ ಹಾಕಬಹುದು, 6ನ್ನು 2 ಸರಿಯಾಗಿ ಭಾಗಿಸುತ್ತದೆ. ಎಂ20ರ 2.5 ಪಿಚ್‌ಗೆ ಆಗುವುದಿಲ್ಲ. ಆಗ ಚೇಸಿಂಗ್ ಡಯಲ್ (ಹಾಫ್ ನಟ್ ಹಾಕುವ ಸರಿಯಾದ ಕ್ಷಣ ತೋರಿಸುವ ಡಯಲ್) ನೋಡಿ ಹಾಕಬೇಕು, ಇಲ್ಲವೇ ಹಾಫ್ ನಟ್ ಬಿಡದೆ ಮೋಟರ್ ಅನ್ನೇ ರಿವರ್ಸ್ ಓಡಿಸಿ ಹಿಂದೆ ಬರಬೇಕು. ಚಕ್ ಅನ್ನು ತ್ರೆಡ್‌ನಿಂದ ಸ್ಪಿಂಡಲ್‌ಗೆ ಬಿಗಿದಿರುವ ಹಳೇ ಮಷಿನ್ ಆದರೆ ರಿವರ್ಸ್‌ನಲ್ಲಿ ಹುಷಾರು. ಜೋರು ವೇಗದಲ್ಲಿ ತಟ್ಟನೆ ರಿವರ್ಸ್ ಹಾಕಿದರೆ ಚಕ್ ಬಿಚ್ಚಿಕೊಂಡು ಬರುತ್ತದೆ.

ಹಂತ 11: ಜಾಬ್‌ನಲ್ಲಿ ತಪ್ಪು ಕಂಡರೆ

ಸೆಂಟರ್ ಕೊಟ್ಟು ಮಾಡಿದ ಉದ್ದ ಜಾಬ್ ಒಂದು ತುದಿ ದಪ್ಪ ಬಂದರೆ ಮೊದಲ ಅನುಮಾನ ಟೇಲ್‌ಸ್ಟಾಕ್. ಒಂದು ಸರಳಿನ ಎರಡೂ ತುದಿಯ ಹತ್ತಿರ, ಕ್ರಾಸ್ ಸ್ಲೈಡ್ ಮುಟ್ಟದೆ, ಒಂದೇ ಸೆಟ್ಟಿಂಗ್‌ನಲ್ಲಿ ಸಣ್ಣ ಕಟ್ ಹಾಕಿ ಅಳೆಯಿರಿ. ಚಕ್ ಕಡೆ 30.00, ಟೇಲ್‌ಸ್ಟಾಕ್ ಕಡೆ 29.92 ಅಂದರೆ ಟೇಲ್‌ಸ್ಟಾಕ್ ನಿಮ್ಮ ಕಡೆ ವಾಲಿದೆ, ಜಾಬ್ ಅಲ್ಲಿ ಟೂಲ್‌ಗೆ ಹತ್ತಿರ ಬಂದು ಜಾಸ್ತಿ ಕಟ್ ಆಗಿದೆ. ಬುಡದ ಸ್ಕ್ರೂ ಆಡಿಸಿ ವ್ಯತ್ಯಾಸದ ಅರ್ಧ, 0.04, ಆ ಕಡೆ ಸರಿಸಿ. ಸರಿಸುವಾಗ ಕ್ವಿಲ್‌ಗೆ ಡಯಲ್ ಗೇಜ್ ತಾಗಿಸಿಟ್ಟರೆ ಅಂದಾಜು ಮಾಡುವ ಕಷ್ಟ ಇಲ್ಲ. ಸೆಂಟರ್ ಇಲ್ಲದೆ ಹಿಡಿದ ಜಾಬ್‌ನ ಹೊರತುದಿ ದಪ್ಪ ಬಂದರೆ ಸಾಮಾನ್ಯವಾಗಿ ಜಾಬ್ ಬಾಗಿರುತ್ತದೆ. ಅದೂ ಅಲ್ಲ ಅಂದರೆ ಸ್ಪಿರಿಟ್ ಲೆವೆಲ್ ತೆಗೆದುಕೊಳ್ಳಿ, ನೆಲ ಕುಸಿದು ಬೆಡ್ ತಿರುಚಿಕೊಂಡಿರಬಹುದು.

ಜಾಬ್ ಮೇಲೆ ಅಲೆ ಅಲೆಯಾಗಿ ಗುರುತು ಬಿದ್ದು, "ಕಿರ್ರ್" ಅಂತ ಸದ್ದು ಬಂದರೆ ಅದು ಚಾಟರ್. ಟೂಲ್ ಜಾಸ್ತಿ ಚಾಚಿದೆಯಾ, ಗಿಬ್ ಸಡಿಲವಾ, ಜಾಬ್ ಉದ್ದ ಹೊರಗಿದೆಯಾ ಅಂತ ಈ ಕ್ರಮದಲ್ಲೇ ನೋಡಿ. ವೇಗ ಇಳಿಸಿ ನೋಡಿ. ಯಾವುದಕ್ಕೂ ಬಗ್ಗದಿದ್ದರೆ ಸ್ಪಿಂಡಲ್ ಬೇರಿಂಗ್.

ಪ್ರತಿ ಸಲ ಅಳತೆ ಹೆಚ್ಚು ಕಡಿಮೆ ಆದರೆ ಬ್ಯಾಕ್‌ಲಾಶ್. ಇದು ಬಹುಪಾಲು ಕೈಯ ಅಭ್ಯಾಸದ ತಪ್ಪು, ಮಷಿನ್‌ದಲ್ಲ.

ಹಂತ 12: ಸಂಜೆ

ಮೇನ್ ಆಫ್ ಮಾಡಿ. ಚಿಪ್ಸ್ ಅನ್ನು ಬ್ರಷ್‌ನಿಂದ ತೆಗೆಯಿರಿ. ಏರ್ ಗನ್ ಹೊಡೆದರೆ ಪುಡಿ ಸ್ಯಾಡಲ್ ಅಡಿಗೆ ಹೋಗಿ ಬೆಡ್ ಅನ್ನು ಉಜ್ಜುತ್ತದೆ. ಸ್ಯಾಡಲ್‌ನ ಅಂಚಿನ ವೈಪರ್ ಪಟ್ಟಿಯನ್ನೂ ಒರೆಸಿ. ಲೀಡ್ ಸ್ಕ್ರೂ ಹಲ್ಲುಗಳ ಸಂದಿಗೆ ಗಟ್ಟಿ ಬ್ರಷ್ ಹಾಕಿ. ಕ್ಯಾರಿಯೇಜ್ ಅನ್ನು ಟೇಲ್‌ಸ್ಟಾಕ್ ಕಡೆ ಸರಿಸಿ, ಗೈಡ್‌ವೇಗಳಿಗೆ ತೆಳುವಾಗಿ ಆಯಿಲ್ ಹಚ್ಚಿ. ಒಂದು ಸಲ ಕ್ಯಾರಿಯೇಜ್ ಅನ್ನು ಕೈಯಿಂದ ಚಕ್‌ವರೆಗೂ ಓಡಿಸಿ ವಾಪಸ್ ತಂದರೆ ಆಯಿಲ್ ಎಲ್ಲ ಕಡೆ ಹರಡುತ್ತದೆ. ಹಾಗೆ ಓಡಿಸುವಾಗ ಎಲ್ಲಾದರೂ ಹಿಡಿದಂತೆ ಆದರೆ ಅಲ್ಲೇ ನಿಲ್ಲಿಸಿ, ಬೆರಳಿಂದ ತಡವಿ ನೋಡಿ.